ಈ ಮಗುವಿಗೆ ಹಾರೂನ್ ಯಾರು?

ಎಸೆಸೆಲ್ಸಿ ಫಲಿತಾಂಶ ಹೊರಬಿದ್ದ ಕೂಡಲೇ ನಮ್ಮ ಊರುಗಳಲ್ಲಿ ಪ್ರತಿಭಾ ಪುರಸ್ಕಾರದ ಸಭೆಗಳು ನಡೆಯುತ್ತವೆ. ಶಾಲು, ಹಾರ, ಸ್ಮರಣಿಕೆ, ಭಾಷಣಗಳಿಗೆ ಕೊರತೆಯಿರುವುದಿಲ್ಲ. ಅವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಕನ್ನಡ ಪಾಠದ ಒಂದು ಪುಟವನ್ನೂ ತಡವರಿಸದೆ ಓದಲಾಗದ, ತರಗತಿಯಲ್ಲಿ ಪ್ರಶ್ನೆ ಕೇಳಿದರೆ ತಲೆ ತಗ್ಗಿಸುವ, ಕೊನೆಗೊಂದು ದಿನ ಸದ್ದಿಲ್ಲದೆ ಶಾಲೆ ಬಿಡುವ ಮಗುವಿಗಾಗಿ ನಾವು ಎಂದಾದರೂ ಸಭೆ ಸೇರಿದ್ದೇವೆಯೇ?

ಸ್ಕಂದಗಿರಿಯ ಸುತ್ತಲಿನ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳನ್ನೇ ನೋಡೋಣ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಈ ಗಡಿ ಜಿಲ್ಲೆಯ ಮುಸ್ಲಿಮ್ ಮಗುವಿಗೆ ಮನೆಯಲ್ಲಿ ದಖ್ಖನಿ ಉರ್ದು, ಬೀದಿಯಲ್ಲಿ ತೆಲುಗು, ಮದ್ರಸಾದಲ್ಲಿ ಅರಬಿ, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್. ಸರಿಯಾಗಿ ಕಲಿಸಿದರೆ ಇದೊಂದು ಸಂಪತ್ತು. ಕಲಿಸದಿದ್ದರೆ ಎಳೆಯ ಹೆಗಲಿನ ಮೇಲಿನ ಹೊರೆ. ಉರ್ದುವನ್ನು ಬಲದಿಂದ ಎಡಕ್ಕೆ ಓದಿದ ಮಗು ಕನ್ನಡವನ್ನು ಎಡದಿಂದ ಬಲಕ್ಕೆ ಓದಬೇಕು. 'ಳ'ಕಾರಕ್ಕೆ ಉರ್ದು ಲಿಪಿಯಲ್ಲಿ ಅಕ್ಷರವೇ ಇಲ್ಲ. ಹಾಗಾಗಿ ಮಗುವಿನ ಬಾಯಲ್ಲಿ 'ಹಳ್ಳಿ'ಯು 'ಹಲ್ಲಿ'ಯಾದಾಗ ತರಗತಿ ನಗುತ್ತದೆ. ನಗು ಒಂದು ಕ್ಷಣದ್ದು. ಆದರೆ ಆ ಮಗು ಮುಂದೆ ಬಾಯಿ ತೆರೆಯಲು ಅಂಜುತ್ತದೆ. ಏಳನೆಯ ತರಗತಿಯವರೆಗೆ ಉರ್ದು ಮಾಧ್ಯಮದಲ್ಲಿ ಕಲಿತು ಕನ್ನಡ ಮಾಧ್ಯಮದ ಪ್ರೌಢಶಾಲೆ ಸೇರುವವರಿಗಂತೂ ಗಣಿತ, ವಿಜ್ಞಾನಗಳೂ ಅರ್ಥವಾಗದ ಭಾಷೆಯೊಳಗೆ ಅಡಗಿ ಕುಳಿತಿರುತ್ತವೆ. ಆಗ ಹುಡುಗನನ್ನು ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹಚ್ಚುವುದು, ಹುಡುಗಿಗೆ ಮದುವೆ ನಿಶ್ಚಯಿಸುವುದು ನಮಗೆ ಸುಲಭದ ದಾರಿಯಾಗಿ ಕಾಣುತ್ತದೆ. 'ಇವನ ತಲೆಗೆ ಓದು ಹತ್ತುವುದಿಲ್ಲ' ಎಂಬ ತೀರ್ಪು ಅದಕ್ಕಿಂತ ಮೊದಲೇ ಸಿದ್ಧವಾಗಿರುತ್ತದೆ.

ಈ ತೀರ್ಪು ಅನ್ಯಾಯದ್ದು. ಉರ್ದುವನ್ನು ಸರಾಗವಾಗಿ ಓದುವ ಮಗು ಕನ್ನಡದಲ್ಲಿ ಮಾತ್ರ ತಡವರಿಸಿದರೆ, ಅದಕ್ಕೆ ಬೇಕಾದುದು ಅಭ್ಯಾಸ ಮತ್ತು ತಾಳ್ಮೆ. ಆದರೆ ಬಾಯಿಮಾತಿನಲ್ಲಿ ಚುರುಕಾಗಿದ್ದೂ ಯಾವ ಭಾಷೆಯಲ್ಲೂ ಅಕ್ಷರಗಳು ಕೈಗೆ ಸಿಗದಿದ್ದರೆ, ಮೊದಲು ಕಣ್ಣು ಮತ್ತು ಕಿವಿಯ ಪರೀಕ್ಷೆ ಮಾಡಿಸಬೇಕು. ಅಲ್ಲಿ ದೋಷವಿಲ್ಲದಿದ್ದರೆ ಅದು ಡಿಸ್ಲೆಕ್ಸಿಯಾದಂತಹ ಕಲಿಕಾ ನ್ಯೂನತೆ ಇರಬಹುದು. ಬುದ್ಧಿಮತ್ತೆಗೂ ಅದಕ್ಕೂ ಸಂಬಂಧವಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಅದನ್ನು ನ್ಯೂನತೆಗಳ ಪಟ್ಟಿಯಲ್ಲಿ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ತಪಾಸಣೆಯಿದೆ. ಉಗ್ಗು ಮತ್ತು ಮಾತಿನ ತೊಡಕುಗಳಿಗೆ 1965ರಲ್ಲಿ ಸ್ಥಾಪನೆಯಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಿದೆ. ತಾಯಿತಕ್ಕೆ ಹಣ ಹೊಂದಿಸುವ ನಾವು ಬೆಂಗಳೂರಿನ ಬಸ್ಸು ಹತ್ತಲು ಯಾಕೆ ಹಿಂಜರಿಯಬೇಕು?

ಮಾತಿನ ತೊಡಕು ನಾಚಿಕೆಯ ವಿಷಯವಾಗಿದ್ದರೆ ಪವಿತ್ರ ಕುರ್‌ಆನ್ ಅದನ್ನು ಓರ್ವ ಪ್ರವಾದಿಯ ಪ್ರಾರ್ಥನೆಯಾಗಿ ಉಲ್ಲೇಖಿಸುತ್ತಿರಲಿಲ್ಲ. ಜನರು ತನ್ನ ಮಾತನ್ನು ಅರಿಯುವಂತಾಗಲು ನಾಲಿಗೆಯ ಗಂಟನ್ನು ಸಡಿಲಿಸೆಂದು ಪ್ರವಾದಿ ಮೂಸಾ(ಅ) ಬೇಡಿಕೊಂಡರು. ತನಗಿಂತ ಸ್ಫುಟವಾಗಿ ಮಾತಾಡಬಲ್ಲ ಸಹೋದರ ಹಾರೂನ್(ಅ)ರನ್ನು ನೆರವಿಗೆ ಕೊಡೆಂದೂ ಕೇಳಿದರು. ಅಲ್ಲಾಹನು ಅವರನ್ನು ಹೊಣೆಯಿಂದ ಕೈಬಿಡಲಿಲ್ಲ, ಜೊತೆಗಾರನನ್ನು ಕೊಟ್ಟನು. ಬದ್ರ್‌ನ ಯುದ್ಧದ ಬಳಿಕ, ಅಕ್ಷರ ಬಲ್ಲ ಸೆರೆಯಾಳುಗಳು ಮದೀನಾದ ಮಕ್ಕಳಿಗೆ ಓದು ಬರಹ ಕಲಿಸುವುದನ್ನೇ ಬಿಡುಗಡೆಯ ಶುಲ್ಕವಾಗಿ ಪ್ರವಾದಿ(ಸ) ನಿಗದಿಪಡಿಸಿದರು. ಕಲಿಸುವವನು ಯಾರೆಂದು ಅವರು ನೋಡಲಿಲ್ಲ, ಮಗು ಕಲಿಯಬೇಕೆಂಬುದನ್ನು ನೋಡಿದರು.

ಹಾಗಿದ್ದರೆ ಈ ಮಗುವಿಗೆ ಹಾರೂನ್ ಯಾರು? ಮೊದಲನೆಯದಾಗಿ ಹೆತ್ತವರು. ಕನ್ನಡ ಬಾರದ ತಾಯಿಯೂ ದಿನಕ್ಕೆ ಹದಿನೈದು ನಿಮಿಷ ಮಗುವಿನ ಬಳಿ ಕುಳಿತು ಓದಿಸಬಹುದು, ಓದಿದ್ದನ್ನು ಮನೆಮಾತಿನಲ್ಲಿ ಹೇಳಿಸಿಕೊಳ್ಳಬಹುದು. ಮನೆಮಾತು ಗಟ್ಟಿಯಾದ ಮಗುವಿಗೆ ಇನ್ನೊಂದು ಭಾಷೆ ಬೇಗ ಒಲಿಯುತ್ತದೆ. ತಪ್ಪು ಓದಿದಾಗ ಬೈಯದೆ ಸರಿಯಾದ ಪದವನ್ನು ಹೇಳಿಕೊಟ್ಟು ಮುಂದೆ ಸಾಗಬೇಕು. ಎರಡನೆಯದಾಗಿ ಜಮಾಅತ್‌ಗಳು. ಮಗ್ರಿಬ್ ಮತ್ತು ಇಶಾ ನಡುವಿನ ಒಂದು ಗಂಟೆಗೆ ಮಸೀದಿಯ ಪಕ್ಕದ ಕೋಣೆ, ಕೆಲವು ಕಥೆ ಪುಸ್ತಕಗಳು, ಕನ್ನಡ ಬಲ್ಲ ಇಬ್ಬರು ಪದವಿ ವಿದ್ಯಾರ್ಥಿಗಳು ಸಾಕು. ಆ ವಿದ್ಯಾರ್ಥಿ ನಮ್ಮ ಹಿಂದೂ ನೆರೆಮನೆಯವನಾದರೆ ಇನ್ನೂ ಒಳಿತು. ಮೂರನೆಯದಾಗಿ ಸರಕಾರ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಮೂಲಕ ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯಗೊಳಿಸಿದ ಸರಕಾರವು, ಬೇರೆ ಮನೆಮಾತಿನ ಮಕ್ಕಳಿಗೆ ಕನ್ನಡ ಕಲಿಸುವ ವಿಧಾನ ಬಲ್ಲ ಶಿಕ್ಷಕರನ್ನೂ ಒದಗಿಸಬೇಕು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಸಂವಿಧಾನದ 350-ಎ ವಿಧಿ ಹೇಳಿದೆ. ಎರಡೂ ಕೊಡುಗೆಗಳಲ್ಲ, ಹೊಣೆಗಾರಿಕೆಗಳು.

ಇದೇ ಸೀಮೆಯ ದೇವನಹಳ್ಳಿಯಲ್ಲಿ 1936ರಲ್ಲಿ ಉರ್ದು ಮನೆಮಾತಿನ ಕುಟುಂಬದಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ಅವರು ನಾಡು ಕೊಂಡಾಡುವ ಕನ್ನಡ ಕವಿಯಾದರು, 2006ರ ಶಿವಮೊಗ್ಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಎಲ್ಲ ಮಕ್ಕಳೂ ಕವಿಗಳಾಗಬೇಕಿಲ್ಲ. ಆದರೆ ಬ್ಯಾಂಕಿನ ಅರ್ಜಿ, ಆಸ್ಪತ್ರೆಯ ಚೀಟಿ, ನ್ಯಾಯಾಲಯದ ನೋಟಿಸನ್ನು ಇತರರ ಮುಂದೆ ಹಿಡಿದು ನಿಲ್ಲುವ ಸ್ಥಿತಿ ಅವರಿಗೆ ಬರಬಾರದು. ಮುಂದಿನ ವರ್ಷದ ಪುರಸ್ಕಾರ ಸಭೆಗೆ ಮುನ್ನ, ನಮ್ಮ ಬೀದಿಯಲ್ಲಿ ಓದಲಾಗದೆ ತಲೆ ತಗ್ಗಿಸಿರುವ ಮಗು ಯಾವುದೆಂದು ನಾವೆಲ್ಲರೂ ಒಮ್ಮೆ ಹುಡುಕೋಣ. ಶಾಲು ಹೊದಿಸುವ ಕೈಗಳು ಆ ಮಗುವಿನ ಪುಸ್ತಕವನ್ನೂ ಹಿಡಿಯಬೇಡವೇ?