ಪ್ರತಿಮೆ ನಮ್ದು, ಮಿಷಿನ್ ರೂಮಿನ ಬೀಗ ಯಾರ ಕೈಲಿ?



ಮೊನ್ನೆ ಶುಕ್ರವಾರ ಗೊರವನಹಳ್ಳಿಯಲ್ಲಿ ಟೀ ಅಂಗಡಿ ಮುಂದೆ ಕೂತಿದ್ದೆ. ಮಹಾಲಕ್ಷ್ಮಿ ಗುಡಿಗೆ ಬಂದ ಕಾರುಗಳು ರಸ್ತೆ ತುಂಬಾ. ನಮ್ಮ ಕೇರಿಯ ಹುಡುಗನೊಬ್ಬ ನೈಟ್ ಶಿಫ್ಟ್ ಮುಗಿಸಿ ಬಂದ. ಐಟಿಐ ಓದಿದಾನೆ, ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಸಿಎನ್‌ಸಿ ಆಪರೇಟರ್. ಹೈದರಾಬಾದಿನ ಬಾಬಾಸಾಹೇಬರ ಪ್ರತಿಮೆಯ ವಿಡಿಯೋ ತೋರಿಸಿ ಕೇಳಿದ: "ಅಣ್ಣಾ, ಇದ್ರಲ್ಲಿ ಅರ್ಧ ನಮ್ ತರದ ಮಿಷಿನ್ ಕೆಲ್ಸಾನೇ ಅಲ್ವಾ? ಮತ್ತೆ ನಮ್ಮನ್ನ ಯಾಕೆ ಬರೀ ಆಪರೇಟರ್ ಅಂತಾರೆ?"

ಉತ್ತರ ತಕ್ಷಣ ಹೊಳೀಲಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ.

ಆ 125 ಅಡಿ ಪ್ರತಿಮೆ ಅನಾವರಣ ಆಗಿದ್ದು 2023ರ ಏಪ್ರಿಲ್ 14ಕ್ಕೆ. ಮಾಡಿದವರು ರಾಮ್ ಸುತಾರ್. ಮಹಾರಾಷ್ಟ್ರದ ಧುಳೆ ಜಿಲ್ಲೆಯ ಗೊಂದೂರಿನಲ್ಲಿ 1925ರಲ್ಲಿ ಬಡಗಿ ಮನೆತನದಲ್ಲಿ ಹುಟ್ಟಿದವರು. ನಮ್ಮ ಬೆಂಗಳೂರು ವಿಮಾನ ನಿಲ್ದಾಣದ 108 ಅಡಿ ಕೆಂಪೇಗೌಡರೂ ಅವರದೇ: 98 ಟನ್ ಕಂಚು, 120 ಟನ್ ಉಕ್ಕು. ಗುಜರಾತಿನ 182 ಮೀಟರ್ ಸರ್ದಾರ್ ಪಟೇಲರ ಪ್ರತಿಮೆಯೂ ಅವರದೇ.

ಇಷ್ಟು ದೊಡ್ಡದನ್ನ ಬರೀ ಉಳಿ ಸುತ್ತಿಗೆಯಲ್ಲಿ ಮಾಡೋಕಾಗಲ್ಲ. ಮೊದಲು ಕೈಯಲ್ಲಿ ಸಣ್ಣ ಮಾದರಿ, ಆಮೇಲೆ ದೊಡ್ಡದು. ಪಟೇಲರ 30 ಅಡಿ ಮಾದರಿಯನ್ನ ಸ್ಕ್ಯಾನ್ ಮಾಡಿ, ಮೂಗು, ಗಲ್ಲ, ಶಾಲಿನ ಮಡಿಕೆ ಎಲ್ಲವನ್ನೂ ಅಂಕಿ ಮಾಡಿ, ಕಂಪ್ಯೂಟರಿನಲ್ಲಿ ಹಿಗ್ಗಿಸಿದರು. ಗಾಳಿಗೂ ಭೂಕಂಪಕ್ಕೂ ತಡೀಬೇಕು ಅಂತ ಎಂಜಿನಿಯರುಗಳು ಒಳಗೆ ಅಸ್ಥಿಪಂಜರ ನಿಲ್ಲಿಸಿದರು. ಮೇಲಿನ ಕಂಚಿನ ಫಲಕಗಳು ಚೀನಾದಲ್ಲಿ ಎರಕ ಆಗಿ ಬಂದವು. ಸುತಾರ್ ಜೊತೆ ದುಡಿದ ಮಗ ಅನಿಲ್ ಸುತಾರ್ ಓದಿದ್ದು ವಾಸ್ತುಶಿಲ್ಪ. ಅಂದರೆ ಅಪ್ಪನ ಕೈ, ಮಗನ ಲೆಕ್ಕ ಎರಡೂ ಒಂದೇ ಮನೇಲಿದ್ದವು.

ನನ್ನ ತಕರಾರು ಸುತಾರ್ ಮೇಲಲ್ಲ. ಬಡಗಿ ಮನೆಯ ಹುಡುಗ ಜೆ.ಜೆ. ಕಲಾಶಾಲೆಗೆ ಹೋಗಿ ಈ ಎತ್ತರ ಮುಟ್ಟಿದ್ದು ನಮಗೂ ಹೆಮ್ಮೇನೇ. ಅವರಿಗೆ ಶಾಲೆಯ ಬಾಗಿಲು ತೆರೀತು. ನಮ್ಮ ಹುಡುಗನಿಗೆ ಯಾವ ಬಾಗಿಲು ತೆರೀತು? ಇದೇ ನನ್ನ ಪ್ರಶ್ನೆ.

ನಮ್ಮವರಿಗೆ ಈ ವಿದ್ಯೆ ಹೊಸದೇನಲ್ಲ. ಕಾಲಿನ ಅಳತೆ ನೋಡಿ ಚಪ್ಪಲಿ ಹೊಲಿದ ತಾತ, ಬೆಂಕಿಗೆ ಹಿಡಿದು ತಮಟೆ ಹದ ಮಾಡಿದ ಅಪ್ಪ ಲೆಕ್ಕ ಗೊತ್ತಿಲ್ದೆ ಮಾಡಿದರಾ? ಅವತ್ತು ಅದನ್ನ ಕುಲಕಸುಬು ಅಂದರು, ಇವತ್ತು ಜಾಬ್ ವರ್ಕ್ ಅಂತಾರೆ. ಹೆಸರು ಬದಲಾಯ್ತು, ಸ್ಥಾನ ಬದಲಾಗಲಿಲ್ಲ. ಕಲಾಶಾಲೆಗೆ ಹೋಗೋ ಮಕ್ಕಳ ಕೈಗೆ ಮಿಷಿನ್ ಸಿಗಲ್ಲ, ಮಿಷಿನ್ ನಡೆಸೋ ನಮ್ಮ ಮಕ್ಕಳಿಗೆ ಚಿತ್ರ ಬರೆಯೋದು ಯಾರೂ ಕಲಿಸಲ್ಲ. ಮಿಷಿನ್ನಿಗೆ ಜಾತಿ ಇಲ್ಲ ನಿಜ. ಆದರೆ ಅದರ ರೂಮಿನ ಬೀಗದ ಕೈಗೆ ಇದೆ.

"ಪ್ರತಿಮೆ ಯಾಕ್ರೀ, ಶಾಲೆ ಕಟ್ಟಿ" ಅಂತ ಉಪದೇಶ ಮಾಡೋರಿಗೆ ಒಂದು ಮಾತು. ಊರಿನ ಸರ್ಕಲ್ಲಿನಲ್ಲಿ ಬಾಬಾಸಾಹೇಬರು ನಿಂತರೆ ಆ ಜಾಗದಲ್ಲಿ ನಾವೂ ತಲೆ ಎತ್ತಿ ನಿಲ್ತೀವಿ. ಅದು ಬೇಕೇ ಬೇಕು. ಆದರೆ ಪ್ರತೀ ಸಲ ಕೇರಿಯೆಲ್ಲ ಚಂದಾ ಎತ್ತಿ, ಬೇರೆಯವರು ಮಾಡಿದ್ದನ್ನ ಕೊಂಡು ತಂದು ಹಾರ ಹಾಕೋದಷ್ಟೇ ನಮ್ಮ ಪಾಲಾ?

1942ರಲ್ಲಿ ಬಾಬಾಸಾಹೇಬರು ವೈಸರಾಯ್‌ಗೆ ಕೊಟ್ಟ ಮನವಿಯಲ್ಲಿ ಪರಿಶಿಷ್ಟರ ಮಕ್ಕಳ ವಿಜ್ಞಾನ ಮತ್ತು ತಾಂತ್ರಿಕ ಶಿಕ್ಷಣಕ್ಕೆ ವಿದ್ಯಾರ್ಥಿವೇತನ ಕೇಳಿದ್ದರು. ಈಗ ನಮ್ಮ ಕೈಯಲ್ಲಿ 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಇದೆ. ಆ ಹಣ ಸುಮಾರು 11 ಸಾವಿರ ಕೋಟಿ 2023-24ರಲ್ಲಿ ಗ್ಯಾರಂಟಿಗಳಿಗೆ ಹೋಯ್ತು. ಅದರಲ್ಲಿ ಒಂದು ಚೂರು ಸಾಕು: ತಾಲ್ಲೂಕಿಗೊಂದು ಹಾಸ್ಟೆಲ್ಲಿನಲ್ಲಿ ತ್ರೀಡಿ ಪ್ರಿಂಟರ್, ಸ್ಕ್ಯಾನರ್, ಒಂದು ಸಣ್ಣ ಸಿಎನ್‌ಸಿ, ಜೇಡಿಮಣ್ಣು ಹಿಡಿದು ಕಲಿಸೋ ಒಬ್ಬ ಮೇಷ್ಟ್ರು. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದಿಂದಲೇ ಶುರು ಮಾಡಲಿ. ಮುಂದಿನ ಕುಂದುಕೊರತೆ ಸಭೆಗೆ ಇದೇ ಬೇಡಿಕೆ ಬರೆದು ತನ್ನಿ, ನಾನೂ ತರ್ತೀನಿ.

ಆ ಹುಡುಗನಿಗೆ ಕೊನೆಗೆ ಹೇಳಿದ್ದು ಇಷ್ಟು: "ತಮ್ಮಾ, ನಿನ್ನ ಕೈಲಿ ಅರ್ಧ ವಿದ್ಯೆ ಇದೆ. ಇನ್ನರ್ಧ ನಿನಗೆ ಬರಬೇಕಾದ ಬಾಕಿ. ಕೇಳಿ ಇಸ್ಕೊಳ್ಳೋಣ."

ಜೈಭೀಮ್.