ಹಳೆಯ ಕಥೆ, ಹೊಸ ನಾಯಕ

ಮೆಚ್ಚಿದ ಅದ್ಭುತ ಕಥೆಯ ಮುಂದಿನ ಭಾಗದಲ್ಲಿ ಹೊಸಬನೊಬ್ಬ ನಾಯಕನಾದರೆ ಓದುಗರು ಮುನಿಸಿಕೊಳ್ಳುತ್ತಾರೆ, ನಮ್ಮವನೆಲ್ಲಿ ಎಂದು. ತಿಪಟೂರಿನಿಂದ ಬಹಳ ದೂರವೇನಿಲ್ಲದ ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶ 16ನೇ ಶತಮಾನದಲ್ಲೇ ಈ ಧೈರ್ಯ ಮಾಡಿದ. ಕುಮಾರವ್ಯಾಸ ತನ್ನ ಭಾರತದ ಕಥೆಯನ್ನು ಗದಾಪರ್ವಕ್ಕೆ ನಿಲ್ಲಿಸಿದ್ದ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಯುದ್ಧ ಮುಗಿದು, ಅರ್ಜುನ ಅಶ್ವಮೇಧದ ಕುದುರೆಯ ಹಿಂದೆ ಹೊರಟಿದ್ದಾನೆ. ಆದರೆ ನಮ್ಮ ಮನಸ್ಸು ವಾಲುವುದು ಅವನಿಗೆ ಎದುರು ನಿಂತ ಹುಡುಗರ ಕಡೆಗೆ. ಸುಧನ್ವನನ್ನೇ ನೋಡಿ. ಯುದ್ಧಕ್ಕೆ ತಡವಾಗಿ ಬಂದನೆಂದು ತಂದೆ ಹಂಸಧ್ವಜನೇ ಅವನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಿಸುತ್ತಾನೆ. ಮಗ ಕೃಷ್ಣನನ್ನು ನೆನೆಯುತ್ತ ತಣ್ಣಗೆ ಕೂತಿದ್ದಾನೆ. ಎಣ್ಣೆ ಕಾದಿದೆಯೋ ಇಲ್ಲವೋ ಎಂದು ತೆಂಗಿನಕಾಯಿ ಹಾಕಿ ನೋಡಿದರೆ ಅದು ಸಿಡಿದು ಎರಡು ಹೋಳಾಗಿ, ಶಿಕ್ಷೆ ಹೇಳಿದ ಪುರೋಹಿತರ ಹಣೆಗೇ ಬಡಿಯುತ್ತದೆ! ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ತೋಟದವರಿಗೆ ಆ ಏಟು ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ. ಅರ್ಜುನನ ಮಗ ಬಭ್ರುವಾಹನನಂತೂ ತಂದೆಯ ತಲೆಯನ್ನೇ ಕತ್ತರಿಸುತ್ತಾನೆ. ಹೊಸಬನ ಕಣ್ಣಿನಿಂದ ನೋಡಿದಾಗಲೇ ಹಳೆಯ ನಾಯಕನ ಗರ್ವ ಪೂರ್ತಿ ಕಾಣುವುದು: ಕಾಲಿಗೆ ಬಿದ್ದ ಸ್ವಂತ ಮಗನನ್ನೇ ಒದ್ದವನು ಈ ಅರ್ಜುನ. 1977ರ ‘ಬಭ್ರುವಾಹನ’ದಲ್ಲಿ ರಾಜ್‌ಕುಮಾರ್ ತಂದೆ, ಮಗ ಎರಡೂ ಪಾತ್ರ ಮಾಡಿದರು, ಸಿನಿಮಾಕ್ಕೆ ಇಟ್ಟದ್ದು ಮಗನ ಹೆಸರನ್ನು.