ಎದುರು ಯಾರು?

ಕಿರುಪರೀಕ್ಷೆಯ ಪತ್ರಿಕೆ ತಿದ್ದುತ್ತ ಕೂತಿದ್ದಾಗ ಒಂದು ಉತ್ತರಕ್ಕೆ ಹತ್ತಕ್ಕೆ ಒಂಬತ್ತು ಅಂಕ ಹಾಕಿದೆ. ಸಭಾಕಂಪನ ಹೋಗಲಾಡಿಸುವ ಉಪಾಯಗಳನ್ನು ವಿವರಿಸಿ ಎಂಬುದು ಪ್ರಶ್ನೆ. ಹುಡುಗಿ ಎಂಟು ಉಪಾಯ ಬರೆದು, ಒಂದೊಂದರ ಕೆಳಗೂ ಸ್ಕೇಲಿಟ್ಟು ಗೆರೆ ಎಳೆದಿದ್ದಳು. ದೀರ್ಘವಾಗಿ ಉಸಿರಾಡಬೇಕು, ಸಭಿಕರ ಕಣ್ಣು ನೋಡಿ ಮಾತನಾಡಬೇಕು, ಮೊದಲೇ ಅಭ್ಯಾಸ ಮಾಡಿಕೊಳ್ಳಬೇಕು. ಒಂದೂ ತಪ್ಪಿಲ್ಲ. ಅಂಕ ಹಾಕಿದ ಮೇಲೆ ಹೆಸರು ನೋಡಿದೆ. ಹಾಜರಿ ಕೂಗಿದಾಗ ಪಕ್ಕದವಳು ಕೈ ಎತ್ತಿ ‘ಬಂದಿದಾಳೆ ಮೇಡಂ’ ಎನ್ನಬೇಕಾದ ಹುಡುಗಿ ಅದು. ಎರಡು ತಿಂಗಳಲ್ಲಿ ಅವಳ ಧ್ವನಿ ನನ್ನ ಕಿವಿಗೆ ಬಿದ್ದಿರಲಿಲ್ಲ.

ಆ ಒಂಬತ್ತು ಅಂಕ ನನ್ನನ್ನು ಬಹಳ ದಿನ ಕಾಡಿತು. ಮಾತನಾಡುವುದನ್ನು ಕಲಿಸಬೇಕಾದವಳು ನಾನು. ಮಾತಿನ ಬಗ್ಗೆ ಬರೆಯುವುದನ್ನು ಕಲಿಸಿದ್ದೆ.

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಉಪನ್ಯಾಸಕಿ. ಪದವಿಯ ಮೊದಲ ವರ್ಷದವರಿಗೆ ಸಂವಹನ ಕೌಶಲ ಹೇಳಿಕೊಡುವುದು ನಮ್ಮ ವಿಭಾಗದ ಪಾಲಿಗೆ ಬರುತ್ತದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024-25ರಲ್ಲಿ ರಾಜ್ಯ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಇಷ್ಟೆಲ್ಲ ಬದಲಾದರೂ ನಾನು ಪಾಠ ಮಾಡಿದ ಪತ್ರಿಕೆಯಲ್ಲಿ ಒಂದು ಸಂಗತಿ ಹಾಗೇ ಉಳಿಯಿತು: ಸಂವಹನದ ವ್ಯಾಖ್ಯೆ, ಅದರ ವಿಧಗಳು, ಅದಕ್ಕಿರುವ ಅಡ್ಡಿಗಳು, ಕೊನೆಗೆ ಲಿಖಿತ ಪರೀಕ್ಷೆ. ಬಾಯಿ ಬಿಡದೆಯೇ ಪಾಸಾಗಬಹುದಾದ ಮಾತಿನ ಪತ್ರಿಕೆ ಇದು. ಈಜುವ ಪಾಠವನ್ನು ಕರಿಹಲಗೆಯ ಮೇಲೆ ಮುಗಿಸಿ ಮಕ್ಕಳನ್ನು ಹೊಳೆಗೆ ಕಳಿಸಿದಂತೆ ನಾವು ಅವರನ್ನು ಸಂದರ್ಶನಕ್ಕೆ, ಬ್ಯಾಂಕಿಗೆ, ಕಚೇರಿಗೆ ಕಳಿಸುತ್ತಿದ್ದೇವೆ.

ನನ್ನ ಅಪ್ಪಯ್ಯ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದರು. ದೊಡ್ಡ ಹೆಸರಿನವರಲ್ಲ, ಊರಿನ ಕೂಟಗಳಿಗಷ್ಟೇ ಹೋಗುತ್ತಿದ್ದರು. ಶೇಣಿ ಗೋಪಾಲಕೃಷ್ಣ ಭಟ್ಟರ ಕ್ಯಾಸೆಟ್ಟು ಹಾಕಿಕೊಂಡು, ಒಂದು ಮಾತು ಹಿಡಿಸಿದರೆ ಹಿಂದಕ್ಕೆ ತಿರುಗಿಸಿ ಮತ್ತೆ ಕೇಳುತ್ತಿದ್ದುದು ನೆನಪಿದೆ. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಪಾತ್ರಧಾರಿ ಕೂತಲ್ಲೇ ಅದರ ಅರ್ಥವನ್ನು ತನ್ನ ಮಾತಿನಲ್ಲಿ ಬೆಳೆಸುತ್ತಾನೆ. ಪದ್ಯ ಮೊದಲೇ ಇದ್ದದ್ದು, ಮಾತು ಆ ರಾತ್ರಿ ಹುಟ್ಟಿದ್ದು. ಕೂಟಕ್ಕೆ ಹೇಳಿಕಳಿಸಿದಾಗ ಅಪ್ಪಯ್ಯ ಮೊದಲು ಕೇಳುತ್ತಿದ್ದ ಪ್ರಶ್ನೆ ‘ನನಗೆ ಯಾವ ಪಾತ್ರ?’ ಎಂದಲ್ಲ, ‘ಎದುರು ಯಾರು?’ ಎಂದು. ಕೃಷ್ಣಸಂಧಾನದಲ್ಲಿ ಎದುರಿನ ಕೃಷ್ಣ ಭಾವುಕನಾಗಿ ಹೋಗುವವನಾದರೆ ಕೌರವನ ಮಾತಿಗೆ ಒಂದು ದಾರಿ, ತರ್ಕಕ್ಕೆ ಇಳಿಯುವವನಾದರೆ ಇನ್ನೊಂದು. ತನ್ನ ಮಾತು ಎಲ್ಲಿಂದ ಶುರುವಾಗಬೇಕು ಎಂಬುದು ಎದುರಿನವನ ಕೊನೆಯ ಮಾತಿನಲ್ಲಿದೆ ಎಂದು ಅವರು ಬಲವಾಗಿ ನಂಬಿದ್ದರು. ಅವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಭಾಷಣ ಕಲೆ ಬೇರೆ, ಅಂತರ್ವೈಯಕ್ತಿಕ ಕೌಶಲ ಬೇರೆ ಎಂದು ನಮ್ಮ ಪುಸ್ತಕ ಎರಡು ಘಟಕವಾಗಿ ಒಡೆದದ್ದು ಅವರಲ್ಲಿ ಒಂದೇ ಆಗಿತ್ತು.

ಆ ಸೆಮಿಸ್ಟರು ಅರ್ಧ ಕಳೆದಿದ್ದಾಗಲೇ ನಾನು ಪಾಠ ಮಾಡುವ ಕ್ರಮ ಬದಲಿಸಿದೆ. ಮೊದಲ ದಿನ ಯಾರಿಗೂ ‘ನಿನ್ನ ಬಗ್ಗೆ ಹೇಳು’ ಎನ್ನಲಿಲ್ಲ. ಹದಿನೆಂಟರ ಹುಡುಗಿಗೆ ಎಂಬತ್ತು ಜನರ ಎದುರು ತನ್ನ ಬಗ್ಗೆ ಹೇಳಿಕೊಳ್ಳುವಷ್ಟು ಕಷ್ಟದ್ದು ಇನ್ನೊಂದಿಲ್ಲ. ಇಬ್ಬಿಬ್ಬರು ಕೂತು ಐದು ನಿಮಿಷ ಮಾತಾಡಿಕೊಳ್ಳಿ, ಆಮೇಲೆ ಪಕ್ಕದವರ ಪರಿಚಯವನ್ನು ನೀವು ಮಾಡಿಕೊಡಿ ಎಂದೆ. ಬೇರೆಯವರ ವಿಷಯ ಹೇಳುವಾಗ ಹೆದರಿಕೆ ಎಷ್ಟೋ ಕಡಿಮೆ, ಮತ್ತು ಕೇಳಿಸಿಕೊಳ್ಳದಿದ್ದರೆ ಹೇಳಲು ಏನೂ ಇರುವುದಿಲ್ಲ.

ಒಂಬತ್ತು ಅಂಕದ ಹುಡುಗಿಯ ಸರದಿ ಬಂತು. ಗೆಳತಿ ಎದ್ದು ನಿಂತು ಪರಿಚಯ ಮಾಡಿಕೊಟ್ಟಳು: ‘ಇವಳು ಬೆಳಿಗ್ಗೆ ಐದಕ್ಕೆ ಏಳ್ತಾಳೆ. ನಾಲ್ಕು ದನದ ಹಾಲು ಕರೆದು, ಡೈರಿಗೆ ಹಾಕಿ, ಏಳೂವರೆ ಬಸ್ಸು ಹಿಡೀತಾಳೆ.’

ಕೂತಲ್ಲಿಂದಲೇ ಮಾತು ಬಂತು: ‘ನಾಲ್ಕಲ್ಲ, ಮೂರು. ಒಂದು ಗಬ್ಬ.’

ತರಗತಿಯಲ್ಲಿ ಅವಳು ಆಡಿದ ಮೊದಲ ಮಾತು ಅದು. ತನ್ನ ಮನೆಯ ದನದ ಲೆಕ್ಕ ತಪ್ಪಾಗಿ ದಾಖಲಾಗುವುದನ್ನು ಅವಳಿಗೆ ಸಹಿಸಲಾಗಲಿಲ್ಲ. ನಾನು ಬರೆಸಿದ್ದ ಎಂಟು ಉಪಾಯಗಳಲ್ಲಿ ಈ ಉಪಾಯ ಇರಲಿಲ್ಲ: ಹೇಳಲೇಬೇಕಾದದ್ದೊಂದು ಇದ್ದಾಗ ಬಾಯಿ ತಾನಾಗಿ ತೆರೆಯುತ್ತದೆ.

ಎರಡನೆಯ ಸರದಿಗೆ, ನಿಮ್ಮ ಕೈಗೆ ಚೆನ್ನಾಗಿ ಗೊತ್ತಿರುವ ಕೆಲಸವೊಂದನ್ನು ಮೂರು ನಿಮಿಷದಲ್ಲಿ ತಿಳಿಸಿಕೊಡಿ ಎಂದೆ. ಒಬ್ಬ ಹುಡುಗನ ಅಪ್ಪ ಕೊನೆಗೌಡ. ಮಳೆಗಾಲ ಹಿಡಿಯುವ ಮೊದಲು ಅಡಿಕೆ ಮರಕ್ಕೆ ಕೊಳೆ ಔಷಧಿ ಹೊಡೆಯುವಾಗ ಮಗ ಕೆಳಗೆ ನಿಂತು ಬೋರ್ಡೋ ದ್ರಾವಣ ಕಲಸಿ ಕೊಡುತ್ತಾನೆ. ಅವನು ಅದನ್ನೇ ಹೇಳಿದ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕೇ ಹೊರತು ಸುಣ್ಣವನ್ನು ತುತ್ತಕ್ಕಲ್ಲ. ಇಷ್ಟು ಹೇಳುವ ಹೊತ್ತಿಗೆ ನಡುಗುತ್ತಿದ್ದ ಕೈ ನಿಂತಿತ್ತು, ಏಕೆಂದರೆ ಕೈ ಆಗಲೇ ಕೋಲು ಹಿಡಿದು ಡ್ರಮ್ಮಿನಲ್ಲಿ ತಿರುಗಿಸುತ್ತಿತ್ತು. ಆಮೇಲೆ ಹೊಳೆಯುವ ಕತ್ತಿಯನ್ನು ಅದ್ದಿ ನೋಡುವುದನ್ನು ಹೇಳಿದ. ಕತ್ತಿಗೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ‘ಅದನ್ನು ನೋಡದೆ ಹೊಡೆದರೆ ಹಿಂಗಾರ ಸುಟ್ಟು ಹೋಗ್ತದೆ’ ಎಂದು ನಿಲ್ಲಿಸಿದ. ಭಾಷಣಕ್ಕೆ ಪೀಠಿಕೆ, ವಿಷಯ ವಿಸ್ತಾರ, ಮುಕ್ತಾಯ ಇರಬೇಕೆಂದು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಅವನ ಮಾತಿಗೆ ಕ್ರಮ ಬಂದದ್ದು ಕೆಲಸದ ಕ್ರಮದಿಂದ. ಬಯಲುಸೀಮೆಯಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗನೊಬ್ಬ ಸುಣ್ಣ ಹೆಚ್ಚಾದರೆ ಏನಾಗ್ತದೆ ಎಂದು ಕೇಳಿದ. ಆಮೇಲೆ ಅವರಿಬ್ಬರೇ ಮಾತಾಡಿದರು, ನಾನು ಕೇಳುತ್ತ ಕೂತೆ.

ಇದೆಲ್ಲ ನಡೆದದ್ದು ಕನ್ನಡದಲ್ಲಿ. ಇಂಗ್ಲಿಷ್ ತರಗತಿಯಲ್ಲಿ ಕನ್ನಡವೇ ಎಂದು ಸಹೋದ್ಯೋಗಿಯೊಬ್ಬರು ಬೇಸರಪಟ್ಟರು. ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುತ್ತದೆ, ಕೆಲಸ ಸಿಗುವುದು ಇಂಗ್ಲಿಷಿಗೆ ಎಂಬ ಅವರ ಮಾತನ್ನು ತಳ್ಳಿಹಾಕಲಾರೆ. ನಮ್ಮ ಹುಡುಗರಿಗೆ ಇಂಗ್ಲಿಷ್ ಬೇಕೇಬೇಕು. ಆದರೆ ಎದ್ದು ನಿಲ್ಲುವ ಹೆದರಿಕೆ, ಭಾಷೆ ಬಾರದ ಹೆದರಿಕೆ ಎರಡನ್ನೂ ಒಟ್ಟಿಗೆ ತಲೆಯ ಮೇಲೆ ಹೊರಿಸಿದರೆ ಯಾವ ಹುಡುಗಿಯೂ ಎದ್ದು ನಿಲ್ಲುವುದಿಲ್ಲ. ಮೊದಲು ಒಂದನ್ನು ಇಳಿಸಬೇಕು. ಸೆಮಿಸ್ಟರಿನ ಕೊನೆಗೆ ಅದೇ ಹುಡುಗ ಬೋರ್ಡೋ ದ್ರಾವಣವನ್ನು ಇಂಗ್ಲಿಷಿನಲ್ಲಿ ಹೇಳಿದ. ಸಣ್ಣ ಸಣ್ಣ ವಾಕ್ಯ, ಎರಡು ಕಡೆ ಕ್ರಿಯಾಪದ ತಪ್ಪಿತು, ಸುಣ್ಣಕ್ಕೆ ಪದ ಸಿಗದೆ ಒಂದು ಕ್ಷಣ ನಿಂತ. ಆದರೂ ಮುಗಿಸಿದ. ಹೇಳುವ ವಸ್ತುವೂ ಅದರ ಕ್ರಮವೂ ಮೊದಲೇ ಅವನ ಕೈಯಲ್ಲಿದ್ದವು, ಹುಡುಕಬೇಕಾದದ್ದು ಪದಗಳನ್ನು ಮಾತ್ರ.

ಮಾತನಾಡುವ ಹೆದರಿಕೆಯನ್ನೇ ಬದುಕಿಡೀ ಅಭ್ಯಾಸ ಮಾಡಿದ ಜೇಮ್ಸ್ ಮೆಕ್‌ಕ್ರಾಸ್ಕಿ ಎಂಬ ಅಮೆರಿಕದ ಪ್ರಾಧ್ಯಾಪಕರು ಅದನ್ನು ಅಳೆಯಲು 24 ಹೇಳಿಕೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದ್ದರು. ಗುಂಪು ಚರ್ಚೆ, ಸಭೆ, ಇಬ್ಬರ ನಡುವಿನ ಮಾತು, ಭಾಷಣ ಎಂದು ಅದರಲ್ಲಿ ನಾಲ್ಕು ಭಾಗ, ಒಂದೊಂದಕ್ಕೆ ಆರು ಹೇಳಿಕೆ. ಕನ್ನಡಕ್ಕೆ ಮಾಡಿಕೊಂಡು ತರಗತಿಯಲ್ಲಿ ಹಂಚಿದೆ. ವೇದಿಕೆಯ ಮೇಲೆ ಸರಾಗವಾಗಿ ಮಾತಾಡುವ, ಚರ್ಚಾಸ್ಪರ್ಧೆಯಲ್ಲಿ ಬಹುಮಾನ ತಂದ ಹುಡುಗನೊಬ್ಬ ಇಬ್ಬರ ನಡುವಿನ ಮಾತಿಗೇ ಹೆಚ್ಚು ಹೆದರುತ್ತೇನೆಂದು ಗುರುತು ಹಾಕಿದ್ದ. ನಾವು ಅವನನ್ನು ಒಳ್ಳೆಯ ಮಾತುಗಾರ ಎಂದು ವರ್ಷವಿಡೀ ಹೊಗಳಿದ್ದೆವು. ಅವನಿಗೆ ಬರುತ್ತಿದ್ದುದು ಬರೆದುಕೊಂಡದ್ದನ್ನು ಏರುದನಿಯಲ್ಲಿ ಒಪ್ಪಿಸುವುದು.

ಆದ್ದರಿಂದ ಮೂರನೆಯ ಸರದಿಯನ್ನು ಸಂವಾದಕ್ಕೆ ಇಟ್ಟೆ. ನಿಯಮ ಒಂದೇ: ಎದುರಿನವರು ಹೇಳಿದ್ದನ್ನು ಮೊದಲು ನಿಮ್ಮ ಮಾತಿನಲ್ಲಿ ಹೇಳಬೇಕು, ‘ಹೌದು, ನಾನು ಹೇಳಿದ್ದು ಇದೇ’ ಎಂದು ಅವರು ಒಪ್ಪಿದ ಮೇಲೆಯೇ ನಿಮ್ಮ ಉತ್ತರ. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1951ರಲ್ಲಿ ಒಂದು ಉಪನ್ಯಾಸದಲ್ಲಿ ಸೂಚಿಸಿದ ಪ್ರಯೋಗ ಇದು. ಪೂರ್ವಪಕ್ಷವನ್ನು ಸರಿಯಾಗಿ ಮಂಡಿಸದೆ ಸಿದ್ಧಾಂತಕ್ಕೆ ಹೋಗಬಾರದೆಂಬುದು ನಮ್ಮ ಶಾಸ್ತ್ರಗಳ ವಾದಕ್ರಮದಲ್ಲಿ ಹಿಂದಿನಿಂದಲೂ ಇದೆ.

ವಿಷಯ ಹುಡುಗಿಯರೇ ಆರಿಸಿದರು: ಡಿಗ್ರಿ ಮುಗಿಯುವವರೆಗೆ ಮದುವೆ ಬೇಡ ಎಂದು ಮನೆಯಲ್ಲಿ ಹೇಳುವುದು. ಒಬ್ಬಳು ಮಗಳು, ಇನ್ನೊಬ್ಬಳು ಅಪ್ಪಯ್ಯ. ಅಪ್ಪಯ್ಯನಾದವಳು, ‘ಮುಂದಿನ ವರ್ಷದವರೆಗೆ ಈ ಸಂಬಂಧ ಕಾಯ್ತದಾ? ನನಗೂ ವಯಸ್ಸಾಯ್ತು’ ಎಂದಳು. ಅದು ನಟನೆಯಲ್ಲ, ಮನೆಯಲ್ಲಿ ಕೇಳಿದ ಮಾತು ಎಂದು ಎಲ್ಲರಿಗೂ ತಿಳಿಯಿತು. ಮಗಳಾದವಳು ಥಟ್ಟನೆ ‘ಆದರೆ’ ಎಂದು ಶುರು ಮಾಡಿದಳು. ನಿಯಮ ನೆನಪಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಪ್ಪಯ್ಯ, ನಿಮಗೇನಾದ್ರೂ ಆದ್ರೆ ನನ್ನ ಗತಿ ಏನು ಅಂತ ನಿಮಗೆ ಹೆದರಿಕೆ, ಅಲ್ದಾ?’ ಎಂದಳು. ಅಪ್ಪಯ್ಯನಾದವಳಿಗೆ ‘ಹೌದು’ ಎನ್ನಲು ಗಂಟಲು ಕಟ್ಟಿತು. ಅಲ್ಲಿಂದ ಮುಂದೆ ಮಾತು ಸಂಬಂಧದ ಸುತ್ತ ತಿರುಗಲಿಲ್ಲ. ಮಗಳು ತನ್ನ ಕಾಲ ಮೇಲೆ ನಿಲ್ಲಲು ಎಷ್ಟು ವರ್ಷ ಬೇಕು ಎಂಬ ಕಡೆ ಹೋಯಿತು. ಇಬ್ಬರಲ್ಲಿ ಯಾರ ಮನೆಯಲ್ಲಿ ಆಮೇಲೆ ಏನಾಯಿತೆಂದು ನಾನು ಕೇಳಲಿಲ್ಲ. ಅದನ್ನು ಕೇಳುವುದು ನನ್ನ ಕೆಲಸವೂ ಅಲ್ಲ.

ಎಂಬತ್ತು ಮಕ್ಕಳ ತರಗತಿಯಲ್ಲಿ ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ಕೇಳುವವರಿಗೆ ಲೆಕ್ಕ ಕೊಡುತ್ತೇನೆ. ತಲಾ ಮೂರು ನಿಮಿಷವೆಂದರೆ 240 ನಿಮಿಷ, ಅಂದರೆ ನಾಲ್ಕು ಗಂಟೆ. ಎದ್ದು ಬರುವುದು, ಕೂರುವುದು, ಒಂದೆರಡು ಪ್ರಶ್ನೆ ಸೇರಿಸಿ ಆರು ಗಂಟೆ ಎನ್ನೋಣ. ಒಬ್ಬೊಬ್ಬರಿಗೆ ಮೂರು ಸರದಿಯಾದರೆ ಹದಿನೆಂಟು ಗಂಟೆ. ವಾರಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವಾರ ನಡೆಯುವ ಪತ್ರಿಕೆಗೆ ಅರವತ್ತು ಗಂಟೆ ಸಿಗುತ್ತದೆ. ಸಮಯ ಇದೆ, ಅದನ್ನು ನಾವು ನೋಟ್ಸ್ ಬರೆಸಲು ಬಳಸುತ್ತಿದ್ದೇವೆ, ಪ್ರಶ್ನೆಪತ್ರಿಕೆ ಅದನ್ನೇ ಕೇಳುವುದರಿಂದ.

ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳಲ್ಲಿ ನನ್ನ ಬೇಡಿಕೆ ಇದು. ಮೊದಲ ವರ್ಷದ ಸಂವಹನ ಪತ್ರಿಕೆಯಲ್ಲಿ ಕನಿಷ್ಠ ಅರ್ಧ ಅಂಕ ಆಡಿದ ಮಾತಿಗೆ, ಕೇಳಿಸಿಕೊಂಡ ರೀತಿಗೆ ಇರಲಿ. ವಿಜ್ಞಾನದವರಿಗೆ ಪ್ರಾಯೋಗಿಕ ಪರೀಕ್ಷೆ ಇರುವ ಹಾಗೆ ಇದಕ್ಕೂ ಇರಲಿ. ಮೊದಲ ಸರದಿ ಯಾವ ಭಾಷೆಯಲ್ಲಿ ಎಂಬುದು ವಿದ್ಯಾರ್ಥಿಗೆ ಬಿಟ್ಟದ್ದು: ಕನ್ನಡ, ತುಳು, ಕೊಂಕಣಿ, ಉರ್ದು, ಲಂಬಾಣಿ ಯಾವುದಾದರೂ. ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತಿರುವ ವಿಭಾಗಗಳಲ್ಲಿ ದೊಡ್ಡ ತರಗತಿಯನ್ನು ಈ ಪತ್ರಿಕೆಗಾದರೂ ಎರಡಾಗಿ ಒಡೆಯಲು ಅವಕಾಶ ಬೇಕು.

ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು, ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಕಾನೂನಿದೆ. ನನ್ನ ತರಗತಿಯ ಇಬ್ಬರು ಹುಡುಗಿಯರ ತಾಯಂದಿರು ಸದಸ್ಯೆಯರಾಗಿದ್ದವರು. ಸಭೆಯಲ್ಲಿ ಅಮ್ಮ ಕೂತಿರುತ್ತಾಳೆ, ಅಪ್ಪ ಮಾತಾಡುತ್ತಾರೆ ಎಂದು ಇಬ್ಬರೂ ಹೇಳಿದರು. ಆ ತಾಯಂದಿರು ಓದುವ ಕಾಲದಲ್ಲಿ ಯಾರಾದರೂ ಅವರನ್ನು ಮೂರು ಸಲ ಎಬ್ಬಿಸಿ ನಿಲ್ಲಿಸಿದ್ದರೆ ಎಂದು ಯೋಚಿಸುತ್ತೇನೆ.

ಶಕ್ತಿ ಯೋಜನೆ ಬಂದ ಮೇಲೆ ನಮ್ಮಲ್ಲಿಗೆ ದೂರದ ಹಳ್ಳಿಗಳಿಂದ ಹೆಚ್ಚು ಹುಡುಗಿಯರು ಬರುತ್ತಿದ್ದಾರೆ. ಆದರೆ ಒಂದು ತಿರುವಿನಲ್ಲಿ ಕೈ ಮಾಡಿದರೂ ಬೆಳಗಿನ ಬಸ್ಸು ನಿಲ್ಲುವುದಿಲ್ಲ ಎಂಬ ದೂರು ಹಳೆಯದು. ಮೂರು ದನದ ಹುಡುಗಿ ಎರಡನೆಯ ವರ್ಷಕ್ಕೆ ಬಂದ ಮೇಲೆ ಆ ವಿಷಯವನ್ನು ಗ್ರಾಮಸಭೆಯಲ್ಲಿ ಎತ್ತಿದಳು. ಹಿಂದಿನ ದಿನ ನನ್ನ ಹತ್ತಿರ ಬಂದಿದ್ದಳು. ಏನು ಹೇಳಬೇಕೆಂದು ಬರೆದುಕೊಂಡು ಬಂದಿರಬಹುದು, ತಿದ್ದಿಕೊಡೋಣ ಎಂದುಕೊಂಡೆ. ಕೈಯಲ್ಲಿ ಚೀಟಿ ಇರಲಿಲ್ಲ. ‘ಮೇಡಂ, ಅಲ್ಲಿ ಎದುರಿಗೆ ಯಾರ್ಯಾರು ಕೂತಿರ್ತಾರೆ?’ ಎಂದು ಕೇಳಿದಳು. ನೋಡಲ್ ಅಧಿಕಾರಿ, ಪಿಡಿಒ, ಅಧ್ಯಕ್ಷರು, ಊರಿನವರು ಎಂದು ಒಬ್ಬೊಬ್ಬರ ಕೆಲಸವೇನೆಂದು ಹೇಳಿದೆ. ಬಸ್ಸು ನಿಲ್ಲಿಸುವ ಅಧಿಕಾರ ಅವರಲ್ಲಿ ಯಾರಿಗೂ ಇಲ್ಲ, ಆದರೆ ಠರಾವು ಮಾಡಿ ಡಿಪೋಗೆ ಪತ್ರ ಬರೆಯಬಹುದು ಎಂದೂ ಹೇಳಿದೆ. ಹಾಗಾದರೆ ಪತ್ರ ಬರೆಯಿರಿ ಎಂದಷ್ಟೇ ಕೇಳುತ್ತೇನೆ ಎಂದಳು.

ಒಂದೂವರೆ ನಿಮಿಷ ಮಾತಾಡಿದಳಂತೆ. ಪತ್ರ ಹೋಗಿದೆ. ಈಗ ಸಂಜೆಯ ಬಸ್ಸು ತಿರುವಿನಲ್ಲಿ ನಿಲ್ಲುತ್ತದೆ, ಬೆಳಗಿನದು ಇನ್ನೂ ನಿಲ್ಲುತ್ತಿಲ್ಲ. ಮುಂದಿನ ಸಭೆಗೂ ಹೋಗುತ್ತೇನೆ ಎಂದಿದ್ದಾಳೆ.